ರೂಲ್ ಬರೆಸಬೇಡಿ, ಕಾರಣ ಹೇಳಿ: ಕಾಟರಿ ಮೆಷಿನ್ ಬಿಚ್ಚೋ ಮುಂಚೆ ಒಂದು ಮಾತು

ನಮ್ಮ ಲ್ಯಾಬ್ ರೆಕಾರ್ಡಿನ ಮೊದಲ ಪುಟದಲ್ಲಿ ಏನಿದೆ ಅಂತ ಯಾರಿಗಾದ್ರೂ ನೆನಪಿದೆಯಾ? ಇಂಡೆಕ್ಸ್ ಅಲ್ಲ, ಅದಕ್ಕೂ ಮುಂಚಿನ ಪುಟ. ‘ಸೇಫ್ಟಿ ಪ್ರಿಕಾಷನ್ಸ್’ ಅಂತ ದಪ್ಪ ಅಕ್ಷರದ ಹೆಡಿಂಗ್, ಅದರ ಕೆಳಗೆ ಹತ್ತು ಪಾಯಿಂಟ್. ಸೆಮ್ ಶುರುವಾದ ಮೊದಲ ವಾರ ಪಕ್ಕದವರ ರೆಕಾರ್ಡ್ ನೋಡಿ ಅದನ್ನ ಬರೀತೀವಿ, ಸೈನ್ ಹಾಕಿಸ್ಕೋತೀವಿ, ಅಲ್ಲಿಗೆ ಮುಗೀತು. ಪರೀಕ್ಷೆಯಲ್ಲಿ ಆ ಪುಟದಿಂದ ಪ್ರಶ್ನೆ ಬರಲ್ಲ. ವೈವಾದಲ್ಲೂ ಯಾರೂ ಕೇಳಲ್ಲ. ‘ಲೋಹದ ಆಭರಣ ಧರಿಸಬಾರದು’ ಅಂತ ಬರೀತಿರೋ ಕೈಯಲ್ಲೇ ಸ್ಟೀಲ್ ಚೈನ್ ವಾಚ್ ಇರುತ್ತೆ.

ಇದು ಸೋಮಾರಿತನ ಅಂತ ನನಗನ್ನಿಸಲ್ಲ. ಕಾರಣ ಹೇಳದೆ ಕೊಟ್ಟ ರೂಲ್ ತಲೆಗೆ ಹತ್ತೋದೇ ಇಲ್ಲ, ಅಷ್ಟೇ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ, ಎಲ್ಲರೂ ಮಾಡ್ತಾರೆ ಅಂತ ನಾವೂ ಮಾಡ್ತೀವಿ. ಯಾರೂ ನೋಡ್ತಿಲ್ಲ ಅಂದ್ರೆ ಬಿಟ್ಟುಬಿಡ್ತೀವಿ. ರಾತ್ರಿ ಎಂಟು ಗಂಟೆಗೆ ಪ್ರಾಜೆಕ್ಟ್ ರೂಮಿನಲ್ಲಿ ನಿಜವಾಗಲೂ ಯಾರೂ ನೋಡ್ತಿರಲ್ಲ.

ಈ ವಿಷಯ ಈಗ ಯಾಕೆ ಬಂತು ಅಂದ್ರೆ, ನಮ್ಮ ಪ್ರಾಜೆಕ್ಟ್ ರೂಮಿಗೆ ಗುಜರಿಯಿಂದ ಒಂದು ಹಳೆಯ ಕಾಟರಿ ಮೆಷಿನ್ ಬಂದಿದೆ. ಯಾವುದೋ ಆಸ್ಪತ್ರೆ ಕಂಡೆಮ್ ಮಾಡಿ ತೂಕಕ್ಕೆ ಹಾಕಿದ್ದು. ಒಳಗಿರೋ ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್, ಪವರ್ ಟ್ರಾನ್ಸಿಸ್ಟರ್ ಎಲ್ಲ ಸಿಗುತ್ತೆ ಅನ್ನೋ ಆಸೆಗೆ ಸೀನಿಯರ್ಸ್ ತಂದಿದ್ದಾರೆ. ‘ರಿಪೇರಿ ಆದ್ರೆ ಇನ್ನೂ ಒಳ್ಳೇದು, ಡೆಮೊ ಕೊಡಬಹುದು’ ಅನ್ನೋ ಮಾತೂ ಇದೆ. ಅದನ್ನ ಬಿಚ್ಚೋಕೆ ಕೈ ತುರಿಸ್ತಿರೋರು ಕಮ್ಮಿ ಇಲ್ಲ. ಅವರಿಗೇ ಅಂತ ಈ ಲೇಖನ. ಅವರಿಗೆ ಆ ಹತ್ತು ಪಾಯಿಂಟ್ ಬರೆಸಿದ ನಮ್ಮ ಡಿಪಾರ್ಟ್‌ಮೆಂಟಿಗೂ ಸೇರಿ.

5 ವೋಲ್ಟ್ ಕಲಿಸಿದ ಧೈರ್ಯ

ಮೊದಲ ವರ್ಷದಿಂದ ನಾವು ಆಡಿದ್ದೆಲ್ಲ 5 ವೋಲ್ಟ್ ಜೊತೆ. ಹೆಚ್ಚಂದ್ರೆ 12. ಬ್ರೆಡ್‌ಬೋರ್ಡಿನಲ್ಲಿ ವೈರ್ ಉಲ್ಟಾ ಹಾಕಿದ್ರೆ ಐಸಿ ಬಿಸಿಯಾಗುತ್ತೆ, ವಾಸನೆ ಬರುತ್ತೆ, ಎಸ್.ಪಿ. ರೋಡಿನಿಂದ ಇನ್ನೊಂದು ತಂದರಾಯಿತು. ಪವರ್ ಆನ್ ಇರುವಾಗಲೇ ಬೆರಳು ಹಾಕಿ ವೈರ್ ಸರಿಮಾಡಿ ಅಭ್ಯಾಸ ಆಗಿಬಿಟ್ಟಿದೆ. ‘ಏನೂ ಆಗಲ್ಲ ಬಿಡು ಮಗಾ’ ಅನ್ನೋದು ನಮ್ಮ ಲ್ಯಾಬಿನ ಮಂತ್ರ. 5 ವೋಲ್ಟಿಗೆ ಅದು ನಿಜಾನೂ ಹೌದು.

ತೊಂದರೆ ಏನಂದ್ರೆ, ಕೈಗೆ ಅಂಟಿದ ಅಭ್ಯಾಸಕ್ಕೆ ವೋಲ್ಟೇಜ್ ಎಷ್ಟು ಅಂತ ಗೊತ್ತಾಗಲ್ಲ. ಅದೇ ಬೆರಳು, ಅದೇ ಅವಸರ, ಅದೇ ಮಂತ್ರ ಕಾಟರಿ ಮೆಷಿನ್ ಒಳಗೂ ಹೋಗುತ್ತೆ.

ಈ ಮೆಷಿನ್ ಏನು ಮಾಡುತ್ತೆ?

ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ್ ಕೈಯಲ್ಲಿ ಪೆನ್ಸಿಲಿನಂಥ ಒಂದು ಸಾಧನ ಇರುತ್ತೆ. ಗುಂಡಿ ಒತ್ತಿದ್ರೆ ಅದರ ತುದಿ ಮಾಂಸವನ್ನ ಕತ್ತರಿಸುತ್ತೆ, ಜೊತೆಗೇ ರಕ್ತ ನಿಲ್ಲಿಸುತ್ತೆ. ತುದಿಯನ್ನ ಕಾಯಿಸಿ ಸುಡೋದಲ್ಲ ಇದು. ಹೈ ಫ್ರೀಕ್ವೆನ್ಸಿ ಕರೆಂಟ್ ರೋಗಿಯ ದೇಹದ ಮೂಲಕವೇ ಹರಿದು, ತೊಡೆಗೋ ಬೆನ್ನಿಗೋ ಅಂಟಿಸಿದ ಪೇಷೆಂಟ್ ಪ್ಲೇಟಿನಿಂದ ಮೆಷಿನ್‌ಗೆ ವಾಪಸ್ ಬರುತ್ತೆ. ತುದಿಯಲ್ಲೂ ಪ್ಲೇಟಿನಲ್ಲೂ ಹರಿಯೋದು ಅದೇ ಕರೆಂಟ್. ತುದಿ ಚಿಕ್ಕದು, ಹಾಗಾಗಿ ಅಲ್ಲಿ ಸುಡುತ್ತೆ. ಪ್ಲೇಟ್ ಅಗಲ, ಹಾಗಾಗಿ ಅಲ್ಲಿ ಸುಡಲ್ಲ.

ಬೋಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ 1926ರ ಅಕ್ಟೋಬರ್ 1ರಂದು ಹಾರ್ವೆ ಕುಶಿಂಗ್ ಅನ್ನೋ ನ್ಯೂರೋಸರ್ಜನ್ ಇಂಥ ಮೆಷಿನ್ ಬಳಸಿ ಒಂದು ಗಡ್ಡೆ ತೆಗೆದ್ರು. ರಕ್ತ ನಿಲ್ಲಲಿಲ್ಲ ಅಂತ ಕೆಲವೇ ದಿನ ಮುಂಚೆ ಅರ್ಧಕ್ಕೆ ಬಿಟ್ಟಿದ್ದ ಕೇಸ್ ಅದು. ಮೆಷಿನ್ ಮಾಡಿದ ವಿಲಿಯಂ ಬೋವಿ ಡಾಕ್ಟರ್ ಅಲ್ಲ, ಹಾರ್ವರ್ಡಿನ ವಿಜ್ಞಾನಿ. ಇವತ್ತಿಗೂ ಎಷ್ಟೋ ಕಡೆ ಈ ಮೆಷಿನ್ನನ್ನೇ ‘ಬೋವಿ’ ಅಂತಾರೆ. ನಮ್ಮ ಕಡೆ ಕಾಟರಿ ಅಥವಾ ಡಯಾಥರ್ಮಿ.

ಈಗ ನಂಬರ್ ನೋಡೋಣ. ಗೋಡೆಯಿಂದ ಒಳಗೆ ಬರೋದು 230 ವೋಲ್ಟ್, 50 ಹರ್ಟ್ಜ್. ಹೊರಗೆ ಹೋಗೋದು ಸಾಮಾನ್ಯವಾಗಿ 400ರಿಂದ 500 ಕಿಲೋಹರ್ಟ್ಜ್ ಆಸುಪಾಸು. ಕಟ್ ಮೋಡ್‌ನಲ್ಲಿ ಸಾಮಾನ್ಯವಾಗಿ 300 ವಾಟ್ ತನಕ. ಕೋಯಾಗ್ ಮೋಡ್‌ನಲ್ಲಿ ಪವರ್ ಕಮ್ಮಿ, ಆದರೆ ಕರೆಂಟ್ ಬಿಟ್ಟು ಬಿಟ್ಟು ಬರುತ್ತೆ, ಹಾಗಾಗಿ ಪೀಕ್ ವೋಲ್ಟೇಜ್ ತುಂಬಾ ಜಾಸ್ತಿ. ಲೋಡ್ ಇಲ್ಲದಾಗ ಕೆಲವು ಮೆಷಿನ್‌ಗಳಲ್ಲಿ ಪೀಕ್ ಟು ಪೀಕ್ 8,000 ವೋಲ್ಟ್ ದಾಟುತ್ತೆ. ಅಂದ್ರೆ ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಅಪಾಯಗಳಿವೆ: ಮೇನ್ಸ್, ಕೆಪಾಸಿಟರಿನಲ್ಲಿ ನಿಂತ ಡಿಸಿ, ಔಟ್‌ಪುಟ್ಟಿನ ಆರ್‌ಎಫ್. ಒಂದಕ್ಕೆ ಕಲಿತ ರೂಲ್ ಇನ್ನೊಂದಕ್ಕೆ ಸಾಲಲ್ಲ. ಹತ್ತು ಪಾಯಿಂಟ್ ಬಾಯಿಪಾಠ ಮಾಡಿದವರು ಎಡವೋದು ಇಲ್ಲೇ.

ಪ್ಲಗ್ ಕಿತ್ತ ಮೇಲೂ ಬದುಕಿರುತ್ತೆ

‘ಸ್ವಿಚ್ ಆಫ್ ಮಾಡಿ ಕೆಲಸ ಮಾಡಿ.’ ಇದು ಎಲ್ಲ ರೆಕಾರ್ಡಿನಲ್ಲೂ ಇರೋ ಮೊದಲ ಪಾಯಿಂಟ್. ಕಾರಣ ಗೊತ್ತಿದ್ದವರಿಗೆ ಇದು ಅರ್ಧ ರೂಲ್ ಮಾತ್ರ ಅಂತ ಗೊತ್ತಿರುತ್ತೆ.

ಮೊದಲನೇದಾಗಿ, ಸ್ವಿಚ್ ನಂಬಬೇಡಿ, ಪ್ಲಗ್ ಕೀಳಿ. ನಮ್ಮಲ್ಲಿ ಎಷ್ಟೋ ಸಾಕೆಟ್‌ಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುತ್ತೆ. ಅದಕ್ಕೇ ಮೆಡಿಕಲ್ ಉಪಕರಣಗಳಲ್ಲಿ ಎರಡೂ ಲೈನಿಗೆ ಫ್ಯೂಸ್ ಹಾಕಿರ್ತಾರೆ. ಈಗ ಯೋಚನೆ ಮಾಡಿ: ನ್ಯೂಟ್ರಲ್ ಕಡೆಯ ಫ್ಯೂಸ್ ಮಾತ್ರ ಹೋಗಿದ್ರೆ ಮೆಷಿನ್ ಸತ್ತ ಹಾಗೆ ಕಾಣುತ್ತೆ, ಒಂದು ದೀಪವೂ ಉರಿಯಲ್ಲ. ಆದರೆ ಒಳಗೆ ಫೇಸ್ ಬಂದು ಕೂತಿರುತ್ತೆ. ‘ಆನೇ ಆಗ್ತಿಲ್ಲ, ಇನ್ನೇನು ಶಾಕ್ ಹೊಡೆಯುತ್ತೆ’ ಅಂತ ಕೈ ಹಾಕಿದವರ ಕಥೆ ಅಲ್ಲಿಗೆ ಮುಗೀತು.

ನಮ್ಮ ಚಿಕ್ಕಪ್ಪ ಆಸ್ಪತ್ರೆ ಉಪಕರಣಗಳ ಸರ್ವಿಸ್ ಮಾಡ್ತಾರೆ, ಡಿಪ್ಲೊಮಾ ಓದಿದವರು. ಅವರ ಅಭ್ಯಾಸ ಒಂದಿದೆ. ಕಿತ್ತ ಪವರ್ ಕಾರ್ಡನ್ನ ಸುತ್ತಿ ತಮ್ಮ ಟೂಲ್ ಬ್ಯಾಗಿನೊಳಗೆ ಹಾಕಿ ಜಿಪ್ ಎಳೀತಾರೆ. ಯಾಕೆ ಚಿಕ್ಕಪ್ಪ ಅಂತ ಕೇಳಿದ್ದಕ್ಕೆ ಹೇಳಿದ್ರು: “ನೋಡು ಪುಟ್ಟಾ, ನಾನು ಕೆಳಗೆ ಕೂತು ಕೆಲಸ ಮಾಡ್ತಿರ್ತೀನಿ. ಯಾರೋ ಬಂದು ‘ಅಯ್ಯೋ, ಪ್ಲಗ್ ಬಿಟ್ಟೋಗಿದೆ’ ಅಂತ ಪಾಪ ಸಹಾಯ ಮಾಡೋಕೆ ಹಾಕ್ಬಿಡ್ತಾರೆ. ಕಾರ್ಡೇ ಸಿಗಲಿಲ್ಲ ಅಂದ್ರೆ ಏನು ಹಾಕ್ತಾರೆ?” ಲಾಕ್‌ಔಟ್ ಅಂತ ನಾವು ಥಿಯರಿಯಲ್ಲಿ ಓದೋದು ಇದನ್ನೇ. ಜೊತೆಗೆ ಫುಟ್ ಸ್ವಿಚ್ ಮತ್ತು ಪೆನ್ಸಿಲ್ ಕೂಡ ಕಿತ್ತು ದೂರ ಇಡ್ತಾರೆ. ಟೆಸ್ಟ್ ಮಾಡೋ ಹೊತ್ತಿಗೆ ಯಾರದ್ದಾದರೂ ಕಾಲು ಅದರ ಮೇಲೆ ಬಿದ್ರೆ ಔಟ್‌ಪುಟ್ ಆನ್ ಆಗುತ್ತೆ ಅಲ್ವಾ.

ಎರಡನೇದು ಕೆಪಾಸಿಟರ್. 230 ವೋಲ್ಟನ್ನ ರೆಕ್ಟಿಫೈ ಮಾಡಿದ್ರೆ ಸುಮಾರು 325 ವೋಲ್ಟ್ ಡಿಸಿ. ಅಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ ಅಂತ ಇಟ್ಕೊಳ್ಳಿ. ಅರ್ಧ ಸಿವಿ ಸ್ಕ್ವೇರ್ ಹಾಕಿ ನೋಡಿ, ಸುಮಾರು 25 ಜೂಲ್ ಬರುತ್ತೆ. ಒಂದು ಕೆಜಿ ಕಲ್ಲು ಎರಡೂವರೆ ಮೀಟರ್ ಮೇಲಿಂದ ಬಿದ್ದಷ್ಟು. ಅದನ್ನ ಖಾಲಿ ಮಾಡೋಕೆ 100 ಕಿಲೋ ಓಮ್ ಬ್ಲೀಡರ್ ರೆಸಿಸ್ಟರ್ ಇದೆ ಅನ್ನಿ. ಟೈಮ್ ಕಾನ್ಸ್ಟಂಟ್ 47 ಸೆಕೆಂಡ್. ಪ್ಲಗ್ ಕಿತ್ತು ಪೂರ್ತಿ ಒಂದು ನಿಮಿಷ ಕಾದ್ರೂ ಇನ್ನೂ 90 ವೋಲ್ಟ್ ಉಳಿದಿರುತ್ತೆ. ಐದು ಟೈಮ್ ಕಾನ್ಸ್ಟಂಟ್ ಅಂದ್ರೆ ಸುಮಾರು ನಾಲ್ಕು ನಿಮಿಷ ಕಾದ ಮೇಲೆ 2 ವೋಲ್ಟ್‌ಗೆ ಇಳಿಯುತ್ತೆ. ‘ಐದು ನಿಮಿಷ ಕಾಯಿರಿ’ ಅನ್ನೋ ವಾರ್ನಿಂಗ್ ಸ್ಟಿಕ್ಕರ್ ಬರೋದು ಈ ಲೆಕ್ಕದಿಂದ. ನಾವು ಎರಡನೇ ಪಿಯುನಲ್ಲೇ ಮಾಡಿದ ಆರ್‌ಸಿ ಸರ್ಕ್ಯೂಟ್ ಇದು! ಪರೀಕ್ಷೆಯಲ್ಲಿ ಐದು ಮಾರ್ಕ್ಸ್‌ಗೆ ಬರೆದ ಫಾರ್ಮುಲಾ ನಮ್ಮ ಜೀವ ಉಳಿಸೋಕೂ ಬರುತ್ತೆ ಅಂತ ಯಾರೂ ಹೇಳಿಕೊಡಲಿಲ್ಲ.

ಆ ಬ್ಲೀಡರೇ ಸುಟ್ಟೋಗಿದ್ರೆ? ರಿಪೇರಿಗೆ ಬಂದ ಮೆಷಿನ್ ಅಂದ್ರೇನೇ ಏನೋ ಕೆಟ್ಟಿದೆ ಅಂತ. ಕೆಟ್ಟಿರೋದು ಬ್ಲೀಡರ್ ಅಲ್ಲ ಅಂತ ಹೇಗೆ ಹೇಳ್ತೀರ? ಹಾಗಾಗಿ ಕಾಯೋದು ಸಾಲಲ್ಲ, ಅಳೆದು ನೋಡಬೇಕು. ಅಳೆಯೋದಕ್ಕೂ ಕ್ರಮ ಇದೆ. ಮೊದಲು ಗೊತ್ತಿರೋ ವೋಲ್ಟೇಜ್ ಮೇಲೆ ಮೀಟರ್ ಇಟ್ಟು ಅದು ಸರಿಯಿದೆ ಅಂತ ನೋಡಿ, ಆಮೇಲೆ ಕೆಪಾಸಿಟರ್ ಮೇಲೆ ಇಡಿ, ಆಮೇಲೆ ಮತ್ತೆ ಗೊತ್ತಿರೋ ವೋಲ್ಟೇಜ್ ಮೇಲೆ ಇಡಿ. ಪ್ರೋಬ್ ಒಳಗೇ ಕಟ್ ಆಗಿದ್ರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತೆ ನೋಡಿ.

ಸ್ಕ್ರೂ ಡ್ರೈವರಿನಿಂದ ಶಾರ್ಟ್ ಮಾಡಿ ‘ಟಪ್’ ಅನ್ನಿಸೋ ಹೀರೋಗಳಿದ್ದಾರೆ. 25 ಜೂಲ್ ಒಂದೇ ಕ್ಷಣದಲ್ಲಿ ಹೋದ್ರೆ ತುದಿ ಕರಗುತ್ತೆ, ಲೋಹದ ಚೂರು ಕಣ್ಣಿಗೆ ಹಾರುತ್ತೆ, ಕೆಪಾಸಿಟರ್ ಕೂಡ ಹಾಳು. ಅದರ ಬದಲು ಇನ್ಸುಲೇಟೆಡ್ ಕ್ಲಿಪ್ ಇರೋ 2 ಕಿಲೋ ಓಮ್, 10 ವಾಟ್ ರೆಸಿಸ್ಟರ್ ಹಿಡಿದ್ರೆ ಐದು ಸೆಕೆಂಡಿನಲ್ಲಿ ಶಾಂತವಾಗಿ ಖಾಲಿ. ಕೆಲಸ ಮುಗಿಯೋ ತನಕ ಅದನ್ನ ಹಾಗೇ ಬಿಡಿ. ದೊಡ್ಡ ಕೆಪಾಸಿಟರ್ ಖಾಲಿ ಆದ ಮೇಲೂ ತಾನಾಗೇ ಸ್ವಲ್ಪ ವೋಲ್ಟೇಜ್ ಮತ್ತೆ ಎಬ್ಬಿಸಿಕೊಳ್ಳುತ್ತೆ, ಡೈಎಲೆಕ್ಟ್ರಿಕ್ ಅಬ್ಸಾರ್ಪ್ಷನ್ ಅಂತಾರಲ್ಲ, ಅದು.

ಗ್ಲೌಸ್ ಇದೆ, ಇನ್ನೇನು?

ಈ ಭಾಗ ಓದಿ ತಿಳ್ಕೊಂಡಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಮೇನ್ಸ್ ಕರೆಂಟ್ ಹೊಡೆದ್ರೆ ಗೊತ್ತಾಗುತ್ತೆ, ಸ್ನಾಯು ಹಿಡಿದುಕೊಳ್ಳುತ್ತೆ. 50 ಹರ್ಟ್ಜ್‌ನಲ್ಲಿ 10-16 ಮಿಲಿಆಂಪ್ ದಾಟಿದ್ರೆ ತುಂಬಾ ಜನರಿಗೆ ಹಿಡಿದ ವೈರ್ ಬಿಡೋಕೇ ಆಗಲ್ಲ. 100 ಮಿಲಿಆಂಪ್ ಆಸುಪಾಸು ಎದೆಯ ಮೂಲಕ ಹೋದ್ರೆ ಹೃದಯ ಲಯ ತಪ್ಪುತ್ತೆ. ಒದ್ದೆ ಕೈಯ ದೇಹದ ರೆಸಿಸ್ಟೆನ್ಸ್ 1,000 ಓಮ್ ಅಂತ ಇಟ್ಕೊಂಡ್ರೆ 230 ವೋಲ್ಟ್‌ಗೆ 230 ಮಿಲಿಆಂಪ್. ಲೆಕ್ಕ ನಿಮಗೇ ಗೊತ್ತು.

ಆದರೆ 100 ಕಿಲೋಹರ್ಟ್ಜ್ ದಾಟಿದ ಮೇಲೆ ನರ, ಸ್ನಾಯು ಹೆಚ್ಚುಕಮ್ಮಿ ಸ್ಪಂದಿಸೋದೇ ಇಲ್ಲ. ರೋಗಿಯ ದೇಹದಲ್ಲಿ ಇಷ್ಟು ಕರೆಂಟ್ ಹರಿಸೋಕೆ ಆಗೋದೇ ಇದರಿಂದ. ರೋಗಿಗೆ ವರ ಆಗಿರೋ ಇದೇ ಗುಣ ರಿಪೇರಿ ಮಾಡೋರಿಗೆ ಶಾಪ. ‘ಜುಂ’ ಅನ್ನೋ ಮುನ್ಸೂಚನೆ ಇಲ್ಲ, ಕೈ ತಾನಾಗೇ ಹಿಂದೆ ಬರಲ್ಲ. ಉರಿ ಗೊತ್ತಾಗೋ ಹೊತ್ತಿಗೆ ಚರ್ಮದ ಒಳಗಿನ ತನಕ ಸುಟ್ಟಿರುತ್ತೆ.

ಇನ್ನು ಇನ್ಸುಲೇಷನ್ ವಿಷಯ. ಬೆರಳು, ಗ್ಲೌಸ್, ಒಳಗಿನ ವೈರ್, ಇವು ಮೂರೂ ಸೇರಿದ್ರೆ ಒಂದು ಕೆಪಾಸಿಟರ್. 100 ಪಿಕೋಫ್ಯಾರಡ್ ಅಂತ ಇಟ್ಕೊಳ್ಳಿ. 50 ಹರ್ಟ್ಜ್‌ನಲ್ಲಿ ಅದರ ರಿಯಾಕ್ಟೆನ್ಸ್ ಸುಮಾರು 32 ಮೆಗಾ ಓಮ್, ಅಂದ್ರೆ ಗೋಡೆ ಇದ್ದ ಹಾಗೆ. 500 ಕಿಲೋಹರ್ಟ್ಜ್‌ನಲ್ಲಿ? ಬರೀ 3,200 ಓಮ್. ಅದರ ಮೇಲೆ 1,000 ವೋಲ್ಟ್ ಬಿದ್ರೆ 300 ಮಿಲಿಆಂಪ್ ಹರಿಯುತ್ತೆ. ಗ್ಲೌಸ್ ತೂತಾಗಬೇಕಿಲ್ಲ, ವೈರಿನ ಪ್ಲಾಸ್ಟಿಕ್ ಹರಿಯಬೇಕಿಲ್ಲ. ‘ಮುಟ್ಟಿಲ್ಲ, ಹತ್ತಿರ ಹೋದೆ ಅಷ್ಟೇ’ ಅನ್ನೋದೂ ಉತ್ತರ ಅಲ್ಲ, ಇಷ್ಟು ವೋಲ್ಟೇಜಿನಲ್ಲಿ ಕಿಡಿ ಗಾಳಿಯಲ್ಲೇ ಹಾರುತ್ತೆ.

ಹಾಗಾಗಿ ಔಟ್‌ಪುಟ್ ಆನ್ ಇರುವಾಗ ಕೈ ಒಳಗೆ ಇರಲೇಬಾರದು. ಕನೆಕ್ಷನ್ ಎಲ್ಲ ಮೊದಲೇ ಮಾಡಿ, ಕೈ ತೆಗೆದು, ಆಮೇಲೆ ಆನ್ ಮಾಡಿ, ಓದಿ, ಆಫ್ ಮಾಡಿ. ಉಂಗುರ, ಚೈನು, ವಾಚು ತೆಗೀರಿ ಅನ್ನೋದಕ್ಕೂ ಕಾರಣ ಇಲ್ಲೇ ಸಿಗುತ್ತೆ: ಲೋಹ ಚರ್ಮಕ್ಕೆ ತಾಗಿರೋ ಚಿಕ್ಕ ಜಾಗದಲ್ಲೇ ಕರೆಂಟ್ ಒಟ್ಟುಗೂಡಿ ಸುಡುತ್ತೆ, ಕಾಟರಿ ತುದಿಯ ಹಾಗೇ.

ಪೆನ್ಸಿಲ್ ತುದಿಯನ್ನ ಪ್ಲೇಟಿಗೆ ತಾಗಿಸಿ ‘ಕಿಡಿ ಬಂತು, ಮೆಷಿನ್ ಓಕೆ’ ಅನ್ನೋ ಟೆಸ್ಟ್ ಕೂಡ ಬೇಡ. ಕಿಡಿ ಬಂದ್ರೆ ಎಷ್ಟು ವಾಟ್ ಬಂತು ಅಂತ ಗೊತ್ತಾಗಲ್ಲ. ಶಾರ್ಟ್ ಆದ ಔಟ್‌ಪುಟ್ ಸ್ಟೇಜಿಗೆ ಪೆಟ್ಟು. ಪಕ್ಕದಲ್ಲಿ ಸ್ಪಿರಿಟ್ ಬಾಟಲಿ ಇದ್ರೆ ಬೆಂಕಿ. ಸರಿಯಾದ ದಾರಿ ಅಂದ್ರೆ ಅನಲೈಸರ್, ಇಲ್ಲದಿದ್ರೆ ಸರಿಯಾದ ವಾಟೇಜಿನ ನಾನ್-ಇಂಡಕ್ಟಿವ್ ಲೋಡ್ ರೆಸಿಸ್ಟರ್. ಮಾಮೂಲಿ ವೈರ್-ವೂಂಡ್ ರೆಸಿಸ್ಟರ್ ಈ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ಆಗಿಬಿಡುತ್ತೆ, ಓದಿದ್ದೆಲ್ಲ ತಪ್ಪು.

ಸ್ಕೋಪಿನ ಕಪ್ಪು ಕ್ಲಿಪ್

ನಮ್ಮಂಥವರು ಬಿಚ್ಚಿದ ತಕ್ಷಣ ಮಾಡೋ ಕೆಲಸ ವೇವ್‌ಫಾರ್ಮ್ ನೋಡೋದು. ಆಸಿಲೋಸ್ಕೋಪ್ ಪ್ರೋಬಿನ ಕಪ್ಪು ಕ್ಲಿಪ್ ನೇರವಾಗಿ ಮೇನ್ಸ್ ಅರ್ಥಿಂಗಿಗೆ ಸೇರಿರುತ್ತೆ. ಬ್ಯಾಟರಿ ಸರ್ಕ್ಯೂಟಿನಲ್ಲಿ ಅದನ್ನ ಎಲ್ಲಿ ಬೇಕಾದರೂ ಹಾಕಿ ಅಭ್ಯಾಸ ನಮಗೆ. ರೆಕ್ಟಿಫೈಯರಿನ ನೆಗೆಟಿವ್‌ಗೆ ‘ಗ್ರೌಂಡ್’ ಅಂತ ಹಾಕಿದ್ರೆ ಅದು ಅರ್ಥ್ ಅಲ್ಲ, ಮೇನ್ಸಿಗೇ ಸೇರಿದ ಪಾಯಿಂಟ್. ನೇರ ಶಾರ್ಟ್. ಪ್ರೋಬ್ ಹೋಗುತ್ತೆ, ಸ್ಕೋಪ್ ಹೋಗಬಹುದು, ಮುಖದ ಮುಂದೇ ಢಂ ಅನ್ನುತ್ತೆ.

ಇದಕ್ಕೆ ಪರಿಹಾರ ಅಂತ ಸ್ಕೋಪಿನ ಅರ್ಥ್ ಪಿನ್ನನ್ನೇ ಕಟ್ ಮಾಡೋ ಐಡಿಯಾ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿದೆ. ಶಾರ್ಟ್ ಆಗಲ್ಲ, ನಿಜ. ಆದರೆ ಈಗ ಸ್ಕೋಪಿನ ಇಡೀ ಲೋಹದ ಭಾಗ ಲೈವ್. ನಾಬ್ ತಿರುಗಿಸೋಕೆ ಬಂದ ಜೂನಿಯರ್‌ಗೆ ಅದು ಗೊತ್ತಿರಲ್ಲ. ಬೇಕಾಗಿರೋದು ಡಿಫರೆನ್ಷಿಯಲ್ ಪ್ರೋಬ್. ಪ್ರೋಬ್ ಮೇಲೆ ಬರೆದ 600 ವೋಲ್ಟ್ ಕೂಡ ಎಲ್ಲ ಫ್ರೀಕ್ವೆನ್ಸಿಗೂ ಅಲ್ಲ, ಫ್ರೀಕ್ವೆನ್ಸಿ ಏರಿದ ಹಾಗೆ ರೇಟಿಂಗ್ ಇಳಿಯುತ್ತೆ. ಡೇಟಾಶೀಟಿನಲ್ಲಿ ಅದರ ಗ್ರಾಫ್ ಇರುತ್ತೆ, ನೋಡಿ.

‘ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದೀವಿ, ಸೇಫ್’ ಅನ್ನೋರಿಗೂ ಒಂದು ಮಾತು. ಒಂದು ಪಾಯಿಂಟ್ ಮುಟ್ಟಿದ್ರೆ ಅದು ಕಾಪಾಡುತ್ತೆ. ಎರಡು ಕೈಯಲ್ಲಿ ಎರಡು ಪಾಯಿಂಟ್ ಮುಟ್ಟಿದ್ರೆ ಕಾಪಾಡಲ್ಲ. ಆಗ ಗೋಡೆಯ ಪ್ಯಾನೆಲ್ಲಿನಲ್ಲಿರೋ 30 ಮಿಲಿಆಂಪ್ ಇಎಲ್‌ಸಿಬಿ ಕೂಡ ಟ್ರಿಪ್ ಆಗಲ್ಲ, ಅದಕ್ಕೆ ಲೀಕೇಜ್ ಕಾಣಿಸೋದೇ ಇಲ್ಲ. ‘ಒಂದು ಕೈ ಜೇಬಿನಲ್ಲಿ’ ಅನ್ನೋ ಹಳೇ ಕಾಲದ ಟಿವಿ ಮೆಕ್ಯಾನಿಕ್ಕುಗಳ ರೂಲ್ ಇದಕ್ಕೇ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗೋ ದಾರಿಯಲ್ಲಿ ಎದೆ ಇದೆ.

ಬಾಯಿ ಮುಚ್ಚಿಸಿದ ಅಲಾರ್ಮ್

ಇಲ್ಲಿಯ ತನಕ ಹೇಳಿದ್ದು ರಿಪೇರಿ ಮಾಡೋರ ಸೇಫ್ಟಿ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಾವು ತಪ್ಪು ಮಾಡಿದ್ರೆ ಶಾಕ್ ನಮಗೇ ಹೊಡೆಯಬೇಕು ಅಂತೇನಿಲ್ಲ, ಮೂರು ತಿಂಗಳಾದ ಮೇಲೆ ಟೇಬಲ್ ಮೇಲೆ ಮಲಗಿದವರಿಗೆ ಹೊಡೆಯಬಹುದು.

ಪೇಷೆಂಟ್ ಪ್ಲೇಟ್ ಅಗಲ ಇರೋದ್ರಿಂದ ಸುಡಲ್ಲ ಅಂದೆ. ಪ್ಲೇಟ್ ಅರ್ಧ ಕಿತ್ತು ಬಂದು ಕಾಯಿನ್ ಅಗಲ ಮಾತ್ರ ಅಂಟಿದ್ರೆ, ಅಷ್ಟೂ ಕರೆಂಟ್ ಅಲ್ಲೇ. ಅಂದ್ರೆ ಅದೂ ಒಂದು ಕಾಟರಿ ತುದಿಯೇ. ಇದನ್ನ ಹಿಡಿಯೋಕೆ ಪ್ಲೇಟನ್ನ ಎರಡು ಭಾಗ ಮಾಡಿ, ಚರ್ಮದ ಮೂಲಕ ಅವೆರಡರ ಮಧ್ಯೆ ಇರೋ ಇಂಪಿಡೆನ್ಸನ್ನ ಮೆಷಿನ್ ಅಳೀತಾ ಇರುತ್ತೆ. 1980ರ ದಶಕದಿಂದ ಈ ಏರ್ಪಾಡು ಬಂತು. ಇಂಪಿಡೆನ್ಸ್ ಮಿತಿ ದಾಟಿದ್ರೆ ಅಲಾರ್ಮ್ ಹೊಡೆದು ಔಟ್‌ಪುಟ್ ನಿಂತುಹೋಗುತ್ತೆ.

ಈಗ ಆ ಸರ್ಕ್ಯೂಟ್ ಕೆಟ್ಟು ಸುಮ್ಮಸುಮ್ಮನೆ ಅಲಾರ್ಮ್ ಹೊಡೀತಿದೆ ಅನ್ನಿ. ಆಪರೇಷನ್ ಲಿಸ್ಟ್ ಉದ್ದ ಇದೆ, ಎಲ್ಲರೂ ಅವಸರದಲ್ಲಿದ್ದಾರೆ. ಕನೆಕ್ಟರಿನಲ್ಲಿ ಒಂದು ರೆಸಿಸ್ಟರ್ ಕೂರಿಸಿದ್ರೆ ಮೆಷಿನ್‌ಗೆ ಎಲ್ಲ ಸರಿಯಿದೆ ಅನ್ನಿಸುತ್ತೆ. ಎರಡು ರೂಪಾಯಿ ಪಾರ್ಟ್, ಐದು ನಿಮಿಷದ ಕೆಲಸ, ಎಲ್ಲರೂ ಖುಷಿ. ನಮ್ಮ ಭಾಷೆಯಲ್ಲಿ ಇದು ಸೂಪರ್ ಜುಗಾಡ್. ಆದರೆ ಅನಸ್ತೇಷಿಯಾದಲ್ಲಿ ಮಲಗಿರೋ ರೋಗಿ ‘ತೊಡೆ ಉರೀತಿದೆ’ ಅಂತ ಹೇಳೋಕಾಗಲ್ಲ. ಅವರ ಪರವಾಗಿ ಮಾತಾಡೋಕೆ ಇದ್ದದ್ದು ಆ ಅಲಾರ್ಮ್ ಒಂದೇ, ಅದರ ಬಾಯನ್ನೂ ಮುಚ್ಚಿಸಿದ್ದಾಯಿತು.

ಹಾಗಾಗಿ ಸರ್ವಿಸ್ ಅಂದ್ರೆ ಮುಚ್ಚಳ ಮುಚ್ಚೋದಕ್ಕೆ ಮುಗಿಯಲ್ಲ. ಅರ್ಥ್ ಕಂಟಿನ್ಯುಟಿ, ಮೇನ್ಸ್ ಲೀಕೇಜ್, ಹೈ ಫ್ರೀಕ್ವೆನ್ಸಿ ಲೀಕೇಜ್, ಪ್ರತಿ ಮೋಡಿನ ಔಟ್‌ಪುಟ್ ವಾಟ್, ಎಲ್ಲ ಅಲಾರ್ಮ್, ಇವನ್ನೆಲ್ಲ ಟೆಸ್ಟ್ ಮಾಡಿ, ಬರೆದು, ಸಹಿ ಹಾಕಿದ ಮೇಲೆ ಮುಗಿಯುತ್ತೆ. ಈ ಮೆಷಿನ್‌ಗಳಿಗೇ ಅಂತ ಇರೋ ಐಇಸಿ 60601-2-2 ಸ್ಟ್ಯಾಂಡರ್ಡಿನಲ್ಲಿ ಹೈ ಫ್ರೀಕ್ವೆನ್ಸಿ ಲೀಕೇಜನ್ನ 200 ಓಮ್ ಮೂಲಕ ಅಳೆದು 150 ಮಿಲಿಆಂಪ್ ಮೀರಬಾರದು ಅಂತ ಮಿತಿ ಇದೆ. ಗುಜರಿ ಮೆಷಿನ್ ಯಾಕೆ ಡೆಮೊಗೆ ಬೇಡ ಅನ್ನೋದಕ್ಕೆ ಇಷ್ಟು ಸಾಕು ಅನ್ಕೋತೀನಿ: ಅದರ ಇತಿಹಾಸ ಗೊತ್ತಿಲ್ಲ, ಸರ್ವಿಸ್ ಮ್ಯಾನ್ಯುಯಲ್ ಇಲ್ಲ, ಒಳಗೆ ಯಾರು ಏನು ಜುಗಾಡ್ ಮಾಡಿದ್ದಾರೋ ದೇವರೇ ಬಲ್ಲ. ಕೆಲವು ಹಳೆಯ ಆರ್‌ಎಫ್ ಪವರ್ ಟ್ರಾನ್ಸಿಸ್ಟರ್‌ಗಳ ಸೆರಾಮಿಕ್‌ನಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತೆ, ಒಡೆದು ಪುಡಿಯಾದ್ರೆ ಆ ಧೂಳು ಶ್ವಾಸಕೋಶಕ್ಕೆ ವಿಷ. ಪಾರ್ಟ್ ಕೀಳೋ ಆಸೆ ಇದ್ದವರು ಇದನ್ನ ಎರಡು ಸಲ ಓದಿ.

‘ಅದು ಟೆಕ್ನಿಷಿಯನ್ ಕೆಲಸ’

ಈ ಮಾತು ಬಂದೇ ಬರುತ್ತೆ: ನಾವು ಇಂಜಿನಿಯರ್ಸ್, ಡಿಸೈನ್ ಮಾಡೋರು, ಸ್ಕ್ರೂ ಬಿಚ್ಚೋದು ಟೆಕ್ನಿಷಿಯನ್ ಕೆಲಸ. ಒಪ್ಪಿದೆ. ಆದರೆ ಬ್ಲೀಡರ್ ಎಷ್ಟು ಓಮ್ ಇರಬೇಕು, ಟೆಸ್ಟ್ ಪಾಯಿಂಟ್ ಕೈಗೆ ಸಿಗೋ ಜಾಗದಲ್ಲಿದೆಯಾ ಇಲ್ಲಾ ಹೈ ವೋಲ್ಟೇಜ್ ಪಕ್ಕದಲ್ಲಿದೆಯಾ, ಕೆಪಾಸಿಟರಿನಲ್ಲಿ ಚಾರ್ಜ್ ಇದ್ದಾಗ ಒಂದು ಎಲ್ಇಡಿ ಉರೀಬೇಕಾ ಬೇಡ್ವಾ, ಇದನ್ನೆಲ್ಲ ತೀರ್ಮಾನ ಮಾಡೋದು ಯಾರು? ಡಿಸೈನ್ ಮಾಡೋ ನಾವೇ. ಒಂದು ಸಲವೂ ಬಿಚ್ಚೋರ ಜಾಗದಲ್ಲಿ ನಿಂತು ಯೋಚಿಸದವರು ಮಾಡಿದ ಡಿಸೈನ್ ಹೇಗಿರುತ್ತೆ?

ಇನ್ನೊಂದು ಮಾತು: ಇಷ್ಟೆಲ್ಲ ನೋಡ್ತಾ ಕೂತ್ರೆ ಕೆಲಸ ಆಗಲ್ಲ. ಇದರಲ್ಲಿ ಸ್ವಲ್ಪ ನ್ಯಾಯ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಪಕರಣ ನಿರ್ವಹಣಾ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯ ಉಪಕರಣಗಳು ಶೇ. 95ರಷ್ಟು ಸಮಯ ಕೆಲಸ ಮಾಡುತ್ತಿರಬೇಕು ಅನ್ನೋ ಗುರಿ ಇದೆ. ಅದು ಒಳ್ಳೆಯ ಗುರಿ, ಮೆಷಿನ್ ಕೆಟ್ಟು ಮೂಲೆಯಲ್ಲಿ ಬಿದ್ರೆ ಬಡವರಿಗೇ ನಷ್ಟ. ಆದರೆ ಗಡಿಯಾರ ನೋಡಿ ರಿಪೇರಿ ಮಾಡೋರ ತಲೆಯಿಂದ ಮೊದಲು ಜಾರೋದು ಕಾರಣ ಗೊತ್ತಿಲ್ಲದ ರೂಲೇ. ‘ನಾಲ್ಕು ನಿಮಿಷ ಯಾಕೆ’ ಅಂತ ಗೊತ್ತಿದ್ದವರು ಕಾಯ್ತಾರೆ, ಇಲ್ಲಾ ಅಳೆದು ನೋಡ್ತಾರೆ. ಗೊತ್ತಿಲ್ಲದವರು ಒಂದು ನಿಮಿಷಕ್ಕೇ ಕೈ ಹಾಕ್ತಾರೆ.

ನಾವು ಮಾಡಬಹುದಾದ್ದು

ಡಿಪಾರ್ಟ್‌ಮೆಂಟಿಗೆ ನನ್ನ ಕೋರಿಕೆ ಮೂರು. ಮೊದಲನೇದು, ಮೂರನೇ ಸೆಮ್‌ನ ಮೊದಲ ಪ್ರಯೋಗ ಇದೇ ಆಗಲಿ: 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನ 24 ವೋಲ್ಟ್‌ಗೆ ಚಾರ್ಜ್ ಮಾಡಿ, ಬ್ಲೀಡರ್ ಇದ್ದಾಗ ಮತ್ತು ಇಲ್ಲದಾಗ ಎಷ್ಟು ಹೊತ್ತಿಗೆ ಖಾಲಿ ಆಗುತ್ತೆ ಅಂತ ನಾವೇ ಅಳೆಯೋದು. 24 ವೋಲ್ಟ್ ಯಾರನ್ನೂ ಕೊಲ್ಲಲ್ಲ, ಆದರೆ ಕೈಗೆ ಆ ಕ್ರಮ ಕೂರುತ್ತೆ. ಎರಡನೇದು, ವೈವಾದಲ್ಲಿ ಆ ಮೊದಲ ಪುಟದಿಂದ ಒಂದಾದ್ರೂ ‘ಯಾಕೆ’ ಪ್ರಶ್ನೆ ಇರಲಿ. ಮೂರನೇದು, ಪ್ರಾಜೆಕ್ಟ್ ರೂಮಿನಲ್ಲಿ ಮೇನ್ಸ್ ಮುಟ್ಟೋ ಕೆಲಸ ಒಬ್ಬರೇ ಮಾಡೋದು ಬೇಡ. ಜೊತೆಗಿರೋರಿಗೆ ಎಂಸಿಬಿ ಎಲ್ಲಿದೆ ಅಂತ ಗೊತ್ತಿರಬೇಕು, ಸಿಪಿಆರ್ ಬರಬೇಕು: ಎದೆಯ ಮಧ್ಯ, 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಜೊತೆಗೆ 108ಕ್ಕೆ ಫೋನ್.

ನಮ್ಮ ಕನ್ನಡ ಸಂಘದ್ದೂ ಒಂದು ಕೆಲಸ ಇದೆ. ಲ್ಯಾಬ್ ಗೋಡೆಯ ಮೇಲೆ ಶಾಕ್ ಹೊಡೆದವರಿಗೆ ಪ್ರಥಮ ಚಿಕಿತ್ಸೆಯ ಚಾರ್ಟ್ ಇರುತ್ತಲ್ಲ, ಅದು ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಹೇಳುತ್ತವೆ. ಶಾಕ್ ಹೊಡೆದ ಮೇಲೆ ಓದೋಕೆ ಕನ್ನಡ ಇದೆ, ಹೊಡೆಯದ ಹಾಗೆ ತಡೆಯೋ ಮಾತೆಲ್ಲ ಇಂಗ್ಲಿಷಿನಲ್ಲಿದೆ. ನಾನು ಶುರುವಿನಿಂದ ಇಂಗ್ಲಿಷ್ ಮೀಡಿಯಂ, ನನಗೇ ಆ ಇಂಗ್ಲಿಷ್ ಸೂಚನೆಗಳು ಕಣ್ಣಿಗೆ ಬಿದ್ರೂ ಮನಸ್ಸಿಗೆ ಇಳಿಯಲ್ಲ. ನಮ್ಮ ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಅವರಂಥ ಎಷ್ಟೋ ಜನ ಇವತ್ತೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಮೆಷಿನ್‌ಗಳನ್ನ ಬಿಚ್ಚುತ್ತಾ ಇದ್ದಾರೆ.

ಅದಕ್ಕೆ ಒಂದು ಕಾರ್ಡ್ ಬರೆದಿದೀನಿ. ಪ್ರತಿ ರೂಲಿನ ಜೊತೆ ಅದರ ಕಾರಣ:

ಪ್ಲಗ್ ಕೀಳಿ, ಕಾರ್ಡ್ ನಿಮ್ಮ ಹತ್ತಿರ ಇಟ್ಕೊಳ್ಳಿ. ಬೇರೆಯವರು ಗೊತ್ತಿಲ್ಲದೆ ಹಾಕಬಹುದು.

ಕಾಯಿರಿ, ಆಮೇಲೆ ಅಳೆಯಿರಿ. ಬ್ಲೀಡರೇ ಕೆಟ್ಟಿರಬಹುದು.

ಅಳೆಯೋ ಮುಂಚೆಯೂ ಆಮೇಲೂ ಮೀಟರ್ ಪರೀಕ್ಷಿಸಿ. ಕೆಟ್ಟ ಮೀಟರೂ ಸೊನ್ನೆ ತೋರಿಸುತ್ತೆ.

ಔಟ್‌ಪುಟ್ ಆನ್ ಇರುವಾಗ ಕೈ ಹೊರಗೆ. ಗ್ಲೌಸ್ ಆರ್‌ಎಫ್ ಕರೆಂಟನ್ನ ತಡೆಯಲ್ಲ.

ಅರ್ಥ್ ಪಿನ್ ಕಟ್ ಮಾಡಬೇಡಿ. ಮುಂದೆ ಮುಟ್ಟೋರಿಗೆ ಅದು ಗೊತ್ತಿರಲ್ಲ.

ಅಲಾರ್ಮ್ ಬೈಪಾಸ್ ಮಾಡಬೇಡಿ. ಮಲಗಿರೋರು ಕೂಗೋಕಾಗಲ್ಲ.

ಒಬ್ಬರೇ ಮಾಡಬೇಡಿ. ಬಿದ್ರೆ ಎತ್ತೋಕೆ ಒಬ್ಬರು ಬೇಕು.

ಇದರಲ್ಲಿ ಏನಾದ್ರೂ ಬಿಟ್ಟುಹೋಗಿದ್ರೆ, ಇನ್ನೂ ಸರಳವಾದ ಕನ್ನಡ ಪದ ಹೊಳೆದ್ರೆ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿ. ಇಇಇ ಮತ್ತು ಇಸಿಇಯವರು ತಪ್ಪದೆ ನೋಡಿ, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಓದ್ತಿರೋ ಫ್ರೆಂಡ್ಸ್ ಇದ್ರೆ ಅವರಿಗೂ ತೋರಿಸಿ. ಎಲ್ಲ ಸೇರಿಸಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸೋಣ. ಮೊದಲ ಪ್ರತಿ ಪ್ರಾಜೆಕ್ಟ್ ರೂಮಿನ ಆ ಗುಜರಿ ಮೆಷಿನ್ ಮೇಲೆ, ಎರಡನೇದು ನಮ್ಮ ಚಿಕ್ಕಪ್ಪನ ಟೂಲ್ ಬ್ಯಾಗಿಗೆ.